900 ಗ್ರಾಂ ಹಸಿ ಹಾಪ್ಸ್ ಕೈಲಿದೆ, ನಾಳೆಯೇ ಕುದಿಸಬೇಕಾ?

ಹಿತ್ತಲಬಳ್ಳಿ
ಎಲ್ರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್ ಇದೆ, ಅದಕ್ಕೇ ನೇರ ವಿಷಯಕ್ಕೆ ಬರ್ತೀನಿ. ಮೂರು ವರ್ಷದ ಹಿಂದೆ ಹಾಪ್ಸ್ (ಬಿಯರ್‌ಗೆ ಕಹಿ, ಘಮ ಕೊಡೋ ಹೂವಿನ ಬಳ್ಳಿ) ಬೆಳೆಸೋಣ ಅಂತ ಕ್ಯಾಸ್ಕೇಡ್ ತಳಿಯ ಒಂದು ಬೇರಿನ ತುಂಡು ನೆಟ್ಟಿದ್ದೆ. ಮೊದಲ ವರ್ಷ ಎಣಿಸಿ ಹತ್ತು ಹೂವು, ಎರಡನೇ ವರ್ಷ ಒಂದು ಹಿಡಿ. ಈ ಸಲ ಬಳ್ಳಿ ಹಗ್ಗ ದಾಟಿ ಚಾವಣಿ ಹತ್ತಿಬಿಟ್ಟಿದೆ. ಬೆಳಿಗ್ಗೆಯಿಂದ ಕೂತು ಬಿಡಿಸಿದ್ದೀನಿ. ತೂಕ ಹಾಕಿದ್ರೆ 900 ಗ್ರಾಂ. ಒಂದು ಬಕೆಟ್ ತುಂಬಿ ಮೇಲೆ ಗೋಪುರ.

ಇಲ್ಲಿತನಕ ಪ್ಯಾಕೆಟ್‌ನ ಒಣ ಗುಳಿಗೆ ಹಾಕಿಯೇ ಬಿಯರ್ ಮಾಡಿದ್ದು, ಒಟ್ಟು ಏಳು ಸಲ. ಹಸಿ ಹಾಪ್ಸ್ ಇದೇ ಮೊದಲು. ಮಾಡೋದು 20 ಲೀಟರ್, ಪೇಲ್ ಏಲ್ ಅನ್ನೋ ತಿಳಿ ಬಣ್ಣದ ಬಿಯರ್. ಎಷ್ಟು ಹಾಕ್ಬೇಕು, ಯಾವಾಗ ಹಾಕ್ಬೇಕು? ಭಾನುವಾರದ ತನಕ ಇಟ್ರೆ ನಡೆಯುತ್ತಾ? ಇವತ್ತು ಗುರುವಾರ.

ನೊರೆರಾಯ
ಭಾನುವಾರದ ತನಕ ಇಟ್ಟರೆ ಗೊಬ್ಬರ ಆಗುತ್ತೆ. 24 ಗಂಟೆಯೊಳಗೆ ಹಂಡೆಗೆ ಬೀಳಬೇಕು, ಅಷ್ಟೇ. ಅಲ್ಲಿತನಕ ಬಕೆಟ್‌ನಲ್ಲಿ ಒತ್ತಿ ಇಡಬೇಡಿ, ಪ್ಲಾಸ್ಟಿಕ್ ಚೀಲಕ್ಕಂತೂ ಬೇಡವೇ ಬೇಡ. ರಾಶಿಯೊಳಗೆ ಕೈ ಹಾಕಿ ನೋಡಿ, ಈಗಾಗಲೇ ಬೆಚ್ಚಗಾಗಿರುತ್ತೆ.

ಹಿತ್ತಲಬಳ್ಳಿ
ಅಯ್ಯೋ, ನಿಜ. ನಡುವೆ ಬಿಸಿ ಇದೆ! ಬೆಡ್‌ಶೀಟ್ ಮೇಲೆ ಹರವಿದೆ.

ಮಡ್ಡಿಮಾದ
ಹರವಿದ ಮೇಲೆ ಹತ್ತು ನಿಮಿಷ ಬಿಟ್ಟು ಬಂದು ನೋಡಿ. ಹುಳಗಳೆಲ್ಲ ತಾವಾಗೇ ಎದ್ದು ನಡೆದುಕೊಂಡು ಹೋಗ್ತಿರ್ತವೆ. ಹೋಗದೆ ಉಳಿದವು ಬಿಯರ್‌ಗೆ.

ಜರಡಿ
ಅದು ತಮಾಷೆ ಅಲ್ಲ ಮಾರಾಯ್ರೆ, ಗಿಡದ ಹೇನು ಉಂಟಾ ಅಂತ ಸರಿಯಾಗಿ ನೋಡಿ. ಹೂವನ್ನು ಉದ್ದಕ್ಕೆ ಸೀಳಿದರೆ ಪಕಳೆಯ ಬುಡದಲ್ಲಿ ಹಳದಿ ಪುಡಿ ಕಾಣ್ತದೆ, ಅದು ಲುಪ್ಯುಲಿನ್. ನಿಮಗೆ ಬೇಕಾದ್ದು ಅದೇ. ಆದರೆ ಅಲ್ಲೇ ಕಪ್ಪು ಬೂಷ್ಟು ಇದ್ದರೆ ಹೇನಿನ ಅಂಟಿನ ಮೇಲೆ ಬೆಳೆದದ್ದು, ಅಂಥದ್ದನ್ನು ಆರಿಸಿ ಬಿಸಾಡಿ. ಮತ್ತೆ ಎಲೆ. ಎಲೆ ಒಂದೂ ಇರಬಾರದು. ಮೊದಲ ಸಲ ನಾನು ಸೋಮಾರಿತನ ಮಾಡಿ ಎಲೆ ಸಮೇತ ಹಾಕಿದ್ದೆ, ಬಿಯರ್ ಕುಡಿದರೆ ಹುಲ್ಲು ಕೊಯ್ಯುವ ಮಿಷನಿನ ಹಿಂದೆ ನಿಂತ ಹಾಗೆ ಆಗ್ತಿತ್ತು.

ಕಹಿಬೇಡ
ಎಲೆ ತೆಗೆದರೂ ಹುಲ್ಲೇ. ಹಸಿ ಹಾಪ್ಸ್ ಅನ್ನೋದೇ ಒಂದು ಹುಚ್ಚು. ಒಣಗಿಸಿದ್ರೆ ಕಹಿ, ಘಮ ಎಲ್ಲಾ ಲೆಕ್ಕಕ್ಕೆ ಸಿಗುತ್ತೆ, ಒಂದು ವರ್ಷ ಫ್ರೀಜರ್‌ನಲ್ಲಿ ಇರುತ್ತೆ. ನೂರಾರು ವರ್ಷದಿಂದ ಜನ ಯಾಕೆ ಒಣಗಿಸ್ತಾ ಬಂದ್ರು? ಪೆದ್ದರಾ? ಒಣಗಿಸಿ, ಸುಮ್ನಿರಿ.

ನೊರೆರಾಯ
ಒಣಗಿಸಿದ್ದು ಕೆಡಬಾರದು ಅಂತ, ರುಚಿ ಹೆಚ್ಚಲಿ ಅಂತ ಅಲ್ಲ. ಕೊಯ್ಲು ಇರೋದು ವರ್ಷಕ್ಕೆ ನಾಲ್ಕೈದು ವಾರ, ಬಿಯರ್ ಬೇಕಾದ್ದು ವರ್ಷವಿಡೀ. ಪೆದ್ದರಲ್ಲ, ಬೇರೆ ದಾರಿ ಇರಲಿಲ್ಲ.

ಲ್ಯಾಬ್‌ಕೋಟು
ಇಬ್ಬರೂ ಅರ್ಧ ಸರಿ. ಒಣಗಿಸುವಾಗ ನೀರಿನ ಜೊತೆ ಬೇಗ ಹಾರಿಹೋಗುವ ಎಣ್ಣೆಗಳಲ್ಲೂ ಒಂದು ಪಾಲು ಹೋಗುತ್ತೆ, ಮುಖ್ಯವಾಗಿ ಮಿರ್ಸೀನ್. ಕ್ಯಾಸ್ಕೇಡ್‌ನ ಎಣ್ಣೆಯಲ್ಲಿ ಅದರದ್ದೇ ದೊಡ್ಡ ಪಾಲು, ಅದಕ್ಕೇ ಹಸಿಯಲ್ಲಿ ಹಾಕಿದಾಗ ಈ ತಳಿಯಲ್ಲಿ ವ್ಯತ್ಯಾಸ ಗೊತ್ತಾಗುತ್ತೆ. ಆದರೆ ಕಹಿ ಕೊಡುವ ಆಲ್ಫಾ ಆಮ್ಲದ ವಿಷಯದಲ್ಲಿ ಹಸಿಗೆ ಯಾವ ಲಾಭವೂ ಇಲ್ಲ.

ಈಗ ಲೆಕ್ಕ. ಕೊಯ್ದ ಹಾಪ್ಸ್‌ನಲ್ಲಿ ಶೇ. 75ರಿಂದ 80 ನೀರು. ಪ್ಯಾಕೆಟ್‌ನಲ್ಲಿ ಬರುವುದರಲ್ಲಿ ಶೇ. 8ರಿಂದ 10. ಅದಕ್ಕೇ ಒಣ ಹಾಪ್ಸ್‌ನ ತೂಕದ ನಾಲ್ಕರಿಂದ ಆರು ಪಟ್ಟು ಹಸಿ ಬೇಕು ಅನ್ನೋದು. ನಿಮ್ಮದು ಎಷ್ಟು ಪಟ್ಟು ಅಂತ ಊಹಿಸಬೇಡಿ, ಅಳೆಯಿರಿ. ಸರಿಯಾಗಿ 100 ಗ್ರಾಂ ತೂಗಿ ಕಡಿಮೆ ಉರಿಯ ಅವನ್‌ನಲ್ಲಿ ತೂಕ ಇನ್ನು ಇಳಿಯೋದಿಲ್ಲ ಅನ್ನುವ ತನಕ ಒಣಗಿಸಿ. 20 ಗ್ರಾಂ ಉಳಿದರೆ, ಶೇ. 8 ತೇವದ ಲೆಕ್ಕಕ್ಕೆ ಅದು ಹತ್ತಿರ ಹತ್ತಿರ 21.7 ಗ್ರಾಂ ಒಣ ಹಾಪ್ಸ್. ಅಂದರೆ 4.6 ಪಟ್ಟು.

ಹಿತ್ತಲಬಳ್ಳಿ
ಈ ಸ್ಪೀಡಲ್ಲಿ ಲೆಕ್ಕ ಮಾಡಿದ್ರೆ ನಾನು ಹಿಂದೆ ಬೀಳ್ತೀನಿ ಸರ್. 100 ಗ್ರಾಂ ಅವನ್‌ಗೆ ಇಟ್ಟೆ. ಮನೆಯವರು ಬಂದು "ಏನಿದು ವಾಸನೆ, ಬೆಕ್ಕು ಒಳಗೆ ಬಂತಾ" ಅಂದ್ರು.

ತಾಮ್ರದ ಹಂಡೆ
ಬಲಿತಾವೋ ಇಲ್ಲೋ ಅಂತ ಯಾರೂ ಕೇಳಲೇ ಇಲ್ಲಲ್ರೀ? ಮೊದಲ ಅದನ್ನ ನೋಡಬೇಕು. ಎರಡು ಬೆರಳಿನ್ಯಾಗ ಹಿಡದು ಹಿಚುಕ್ರಿ. ಒದ್ದಿ ಬಟ್ಟಿ ಹಂಗ ಮುದ್ದಿ ಆದ್ರ ಇನ್ನೂ ಎಳೇದು. ಕಾಗದ ಹಂಗ ಸರಸರ ಅಂತ ಸಪ್ಪಳ ಮಾಡಿ, ಬಿಟ್ಟ ಕೂಡ್ಲೆ ಉಬ್ಬಿ ಮೊದಲಿನಂಗ ಆದ್ರ ಬಲಿತದ ಅಂತ. ಒಳಗಿನ ಪುಡಿ ಬೆಣ್ಣಿ ಬಣ್ಣ ಇದ್ರ ಎಳೇದು, ಕಡು ಹಳದಿ ಇದ್ರ ಸರಿ, ಕಿತ್ತಳಿ ಬಣ್ಣಕ್ಕ ತಿರುಗಿ ಬಳ್ಳೊಳ್ಳಿ ವಾಸನಿ ಬಂದ್ರ ತಡಾ ಮಾಡೀರಿ.

ಹಿತ್ತಲಬಳ್ಳಿ
ಸರಸರ ಅಂತಿದೆ. ಕಡು ಹಳದಿ. ತುದಿ ಅಲ್ಲಲ್ಲಿ ಕಂದು ತಿರುಗಿದೆ. ವಾಸನೆ ಮಾತ್ರ, ಹೇಗೆ ಹೇಳೋದು, ನಿಂಬೆ ಸಿಪ್ಪೆಯನ್ನ ಹಸಿ ಮರದ ಹಲಗೆ ಮೇಲೆ ಉಜ್ಜಿದ ಹಾಗೆ. ಬೆರಳುಗಳು ಅಂಟಂಟು, ಸೋಪು ಹಾಕಿದರೂ ಹೋಗ್ತಿಲ್ಲ.

ಜರಡಿ
ಸೋಪಲ್ಲಿ ಹೋಗೂದಿಲ್ಲ, ಅದು ರಾಳ. ಅಡುಗೆ ಎಣ್ಣೆ ಹಚ್ಚಿ ತಿಕ್ಕಿ, ಆಮೇಲೆ ಸೋಪು. ಕೈಗೆ ಗೀರು ಬಿದ್ದಿರಬೇಕಲ್ಲ? ಬಳ್ಳಿಯ ಮೈಮೇಲೆ ಸಣ್ಣ ಕೊಕ್ಕೆಗಳು ಉಂಟು, ಹಿಡಿದು ಹತ್ತುವುದೇ ಅದರಿಂದ. ಮುಂದಿನ ಸಲ ತುಂಬು ತೋಳಿನ ಅಂಗಿ ಹಾಕಿ.

ನೊರೆರಾಯ
ಸರಿ, ಬಲಿತಿದೆ. ನಾನಾಗಿದ್ರೆ ಹೀಗೆ ಮಾಡ್ತಿದ್ದೆ:

ಕಹಿಗೆ ನಿಮ್ಮ ಹಾಪ್ಸ್ ನಂಬಬೇಡಿ. ಕ್ಯಾಸ್ಕೇಡ್‌ನ ಆಲ್ಫಾ ಸಾಮಾನ್ಯವಾಗಿ ಶೇ. 4.5ರಿಂದ 7 ಅಂತಾರೆ, ನಿಮ್ಮ ಬಳ್ಳಿಯದ್ದು ಎಷ್ಟು ಅಂತ ಬ್ರಹ್ಮನಿಗೂ ಗೊತ್ತಿಲ್ಲ. ಗೊತ್ತಿರೋ ಒಣ ಗುಳಿಗೆ ಹಾಕಿ. ಮ್ಯಾಗ್ನಮ್ ತಳಿ, ಆಲ್ಫಾ ಶೇ. 12ರದ್ದು 20 ಗ್ರಾಂ, ಪೂರ್ತಿ 60 ನಿಮಿಷ ಕುದಿಸಿದರೆ ಸುಮಾರು 26 ಐಬಿಯು (ಕಹಿಯ ಅಳತೆ) ಬರುತ್ತೆ. ಕಹಿಯ ಕೆಲಸ ಅಲ್ಲಿಗೆ ಮುಗೀತು. ಹಸಿಯದ್ದು 300 ಗ್ರಾಂ ಕೊನೆಯ 10 ನಿಮಿಷಕ್ಕೆ. ಉಳಿದದ್ದು ಉರಿ ಆರಿಸಿ, ವರ್ಟ್ (ಹುದುಗುವ ಮುಂಚಿನ ಮಾಲ್ಟ್‌ನ ಸಿಹಿ ರಸ) 80 ಡಿಗ್ರಿಗೆ ಇಳಿದ ಮೇಲೆ ಹಾಕಿ ಅರ್ಧ ಗಂಟೆ ಮುಚ್ಚಿಡಿ. ಆ ಬಿಸಿಯಲ್ಲಿ ಆಲ್ಫಾ ಆಮ್ಲ ಕಹಿಯಾಗಿ ಬದಲಾಗೋದು ತುಂಬ ನಿಧಾನ, ಎಣ್ಣೆ ಹಾರಿಹೋಗೋದೂ ಕಮ್ಮಿ.

ಒಂದೇ ಎಚ್ಚರಿಕೆ. ಹಂಡೆ ಎಷ್ಟು ಲೀಟರ್‌ದು?

ಹಿತ್ತಲಬಳ್ಳಿ
30 ಲೀಟರ್. ಕುದಿ ಶುರುವಾಗುವಾಗ 25 ಲೀಟರ್ ಇರುತ್ತೆ.

ನೊರೆರಾಯ
ಹಾಗಾದ್ರೆ ಚೀಲ ಹೊಲಿಸಿಕೊಳ್ಳಿ, ದೊಡ್ಡದು. ಸಡಿಲವಾಗಿ ಕಟ್ಟಿ. ಬಿಡಿಯಾಗಿ ಹಾಕಿದ್ರೆ ನಲ್ಲಿ ಕಟ್ಟಿಕೊಳ್ಳುತ್ತೆ.

ಲ್ಯಾಬ್‌ಕೋಟು
ಇನ್ನೊಂದು ವಿಷಯ ಬಿಟ್ಟುಹೋಯ್ತು. 900 ಗ್ರಾಂ ಹಾಪ್ಸ್ ಅಂದರೆ ಸುಮಾರು 700 ಮಿಲಿ ನೀರು ನೀವೇ ಕೊನೆಯಲ್ಲಿ ಸುರಿದ ಹಾಗೆ. 20 ಲೀಟರ್ ವರ್ಟ್‌ನ ಗುರುತ್ವ (ಸಕ್ಕರೆ ಎಷ್ಟಿದೆ ಅನ್ನುವ ಅಳತೆ) 1.056 ಇದ್ದದ್ದು 1.054ಕ್ಕೆ ಇಳಿಯುತ್ತೆ. ಒಂದೋ ಎಂಟೊಂಬತ್ತು ನಿಮಿಷ ಹೆಚ್ಚು ಕುದಿಸಿ, ಇಲ್ಲ ಮಾಲ್ಟ್ ಸ್ವಲ್ಪ ಜಾಸ್ತಿ ಹಾಕಿ.

ಕಹಿಬೇಡ
ಇದು ತಪ್ಪು. ಆ ನೀರು ಹೂವಿನ ಒಳಗೇ ಇರುತ್ತೆ, ಹಿಂಡಿ ಬಿಸಾಡ್ತೀವಿ. ಒಣ ಹಾಪ್ಸ್ ವರ್ಟ್ ಕುಡಿಯುತ್ತೆ, ಹಸಿಯದ್ದಕ್ಕೆ ಮೊದಲೇ ಹೊಟ್ಟೆ ತುಂಬಿದೆ, ಏನನ್ನೂ ಕುಡಿಯೋದಿಲ್ಲ. ಹಾಗಿದ್ದ ಮೇಲೆ ಎಲ್ಲಿಂದ ತೆಳುವಾಗುತ್ತೆ?

ಲ್ಯಾಬ್‌ಕೋಟು
ಒಳಗೇ ಇದ್ದರೂ ತೆಳುವಾಗುತ್ತೆ. ಬಿಸಿ ವರ್ಟ್‌ನಲ್ಲಿ ಅರ್ಧ ಗಂಟೆ ನೆನೆದ ಹೂವಿನ ಒಳಗಿರೋದು ಶುದ್ಧ ನೀರಲ್ಲ, ಸಕ್ಕರೆ ಒಳಗೆ ಹೋಗಿದೆ, ನೀರು ಹೊರಗೆ ಬಂದಿದೆ. ಚೀಲ ಹಿಂಡಿದಾಗ ತೊಟ್ಟಿಕ್ಕೋದನ್ನ ನಾಲಿಗೆಗೆ ಹಚ್ಚಿ ನೋಡಿ, ಸಿಹಿಯಾಗಿರುತ್ತೆ. ಆ ಸಿಹಿ ಎಲ್ಲಿಂದ ಬಂತು?

ಕಹಿಬೇಡ
ಹ್ಮ್. ಸರಿ, ಅದೊಂದು ಒಪ್ಪಿದೆ.

ಮಡ್ಡಿಮಾದ
ಕಹಿಬೇಡ ಅವರು ಒಪ್ಪಿದ್ರು! ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಹೊಸಬ
ನಂದೊಂದು ದಡ್ಡ ಪ್ರಶ್ನೆ. ಫ್ರೆಶ್ ಹಾಪ್, ವೆಟ್ ಹಾಪ್, ಗ್ರೀನ್ ಹಾಪ್ ಅಂತ ಬಾಟ್ಲಿ ಮೇಲೆ ಬರೀತಾರಲ್ಲ, ಎಲ್ಲಾ ಒಂದೇನಾ?

ತಾಮ್ರದ ಹಂಡೆ
ಬರಿಯೋರಿಗೇ ಗೊತ್ತಿರೂದಿಲ್ಲ ಬಿಡ್ರಿ. ಇಂಗ್ಲೆಂಡಿನ್ಯಾಗ ಗ್ರೀನ್ ಹಾಪ್ ಅಂದ್ರ ಒಣಗಿಸದ ಹಸೀದು. ಅಮೆರಿಕಾದಾಗ ಕೆಲವ್ರು ಹಸೀದಕ್ಕ ವೆಟ್ ಅಂತಾರ, ಅದೇ ವರ್ಷ ಈಗಷ್ಟೇ ಒಣಗಿಸಿದ್ದಕ್ಕ ಫ್ರೆಶ್ ಅಂತಾರ. ಉಳಿದವ್ರು ಎರಡಕ್ಕೂ ಫ್ರೆಶ್ಶೇ. ಇದನ್ನ ಮೊದಲ ಮಾಡಿದ್ದು ಸಿಯೆರಾ ನೆವಾಡಾ ಅನ್ನೋ ಬಿಯರ್ ಕಂಪನಿಯವ್ರು, 1996ರಾಗ, ಯಾಕಿಮಾ ಕಣಿವಿಯಿಂದ ಹಸಿ ಹಾಪ್ಸ್ ಲಾರ್‍ಯಾಗ ತರಿಸಿ.

ನೊರೆರಾಯ
ಅಮೆರಿಕಾದಲ್ಲಿ ಮೊದಲು ಅನ್ನಿ, ಸರಿ. ಇಂಗ್ಲೆಂಡಿನ ವಾಡ್‌ವರ್ತ್‌ನವರು 1992ರಲ್ಲೇ ಮಾರಾಟಕ್ಕೆ ಮಾಡಿದ್ರು. ಮನೆಗಳಲ್ಲಿ ಅದಕ್ಕೂ ಎಷ್ಟು ಮುಂಚಿನಿಂದ ಮಾಡಿರ್ತಾರೋ, ಬರೆದಿಟ್ಟೋರು ಯಾರು?

ಹೊಸಬ
ಹಾಪ್ಸ್ ಇಲ್ಲದೆ ಬಿಯರೇ ಆಗಲ್ಲ ಅಂತ 1516ರಲ್ಲೇ ಜರ್ಮನಿಯಲ್ಲಿ ಕಾನೂನು ಇತ್ತಂತೆ?

ಲ್ಯಾಬ್‌ಕೋಟು
ಜರ್ಮನಿ ಅಲ್ಲ, ಬವೇರಿಯಾ. ಬಾರ್ಲಿ, ಹಾಪ್ಸ್, ನೀರು, ಈ ಮೂರೇ ಇರಬೇಕು ಅಂತ. ಯೀಸ್ಟ್ ಹೆಸರೇ ಇಲ್ಲ ಅದರಲ್ಲಿ. ಅದಕ್ಕೂ ಮುಂಚೆ ಹಾಪ್ಸ್ ಬದಲು ಬೇರೆ ಬೇರೆ ಸೊಪ್ಪು ಹಾಕಿ ಶತಮಾನಗಟ್ಟಲೆ ಬಿಯರ್ ಮಾಡಿದ್ದಾರೆ, ಅದೂ ಬಿಯರೇ.

ಮಡ್ಡಿಮಾದ
ಹಾಪ್ಸ್ ಮತ್ತು ಗಾಂಜಾ ಒಂದೇ ಕುಟುಂಬ ಅಂತ ಯಾರೋ ಹೇಳೋದಕ್ಕೆ ಎಷ್ಟು ಹೊತ್ತಾಗುತ್ತೆ ಅಂತ ಕಾಯ್ತಿದ್ದೆ. ಯಾರೂ ಹೇಳಲಿಲ್ಲ, ನಾನೇ ಹೇಳಿದೆ.

ಜರಡಿ
ಕುಟುಂಬ ಒಂದೇ, ಹೌದು. ಸೇದಿದರೆ ತಲೆನೋವು ಮಾತ್ರ ಬರ್ತದೆ ಮಾರಾಯ್ರೆ. ನನಗೆ ಹೇಗೆ ಗೊತ್ತು ಅಂತ ಕೇಳ್ಬೇಡಿ.

ತಮಾಷೆ ಬಿಡಿ, ನಾಯಿ ಸಾಕಿದವರು ಯಾರಾದರೂ ಇದ್ದರೆ ಇದನ್ನು ಓದಿ. ಹಾಪ್ಸ್ ನಾಯಿಗೆ ವಿಷ. ಕುದಿಸಿ ಬಿಸಾಡಿದ್ದು ಇನ್ನೂ ಅಪಾಯ, ಯಾಕಂದ್ರೆ ಮಾಲ್ಟಿನ ಸಿಹಿ ಹತ್ತಿರ್ತದೆ, ನಾಯಿ ಬಿಡೂದಿಲ್ಲ. ತಿಂದರೆ ಮೈ ಬಿಸಿ ಒಂದೇ ಸಮ ಏರ್ತದೆ, ಏದುಸಿರು, ಕೆಲವು ಗಂಟೆಯಲ್ಲಿ ಸತ್ತೇ ಹೋಗಬಹುದು. ಗೊಬ್ಬರದ ಗುಂಡಿಗೆ ಹಾಕುವುದಾದರೆ ಮೇಲೆ ಮಣ್ಣು ಮುಚ್ಚಿ, ಇಲ್ಲ ಬೇಲಿ ಹಾಕಿ.

ಹಿತ್ತಲಬಳ್ಳಿ (ಶುಕ್ರವಾರ ರಾತ್ರಿ)
ಮುಗೀತು. ಸುಸ್ತು. ರಜೆ ಹಾಕಿ ಕೂತಿದ್ದೆ.

ಅವನ್‌ನಲ್ಲಿಟ್ಟ 100 ಗ್ರಾಂ ಕೊನೆಗೆ 21 ಗ್ರಾಂ ಆಯ್ತು. ಅಂದ್ರೆ ಉಳಿದದ್ದು 800 ಗ್ರಾಂ. 300 ಗ್ರಾಂ ಚೀಲದಲ್ಲಿ ಕಟ್ಟಿ ಕೊನೆಯ 10 ನಿಮಿಷಕ್ಕೆ ಇಳಿಸಿದೆ. ಕುದಿ ನಿಂತೇಹೋಯ್ತು! ಅಷ್ಟು ತಣ್ಣೀರು ಒಟ್ಟಿಗೆ ಹಾಕಿದ ಹಾಗೆ. ಮತ್ತೆ ಕುದಿ ಬರೋಕೆ ಆರು ನಿಮಿಷ ಆಯ್ತು, ಅದನ್ನ ಯಾರೂ ಹೇಳಿರಲಿಲ್ಲ ನನಗೆ. ಆಮೇಲೆ 80 ಡಿಗ್ರಿಗೆ 350 ಗ್ರಾಂ. ಚೀಲ ಸಾಲಲಿಲ್ಲ, ಅರ್ಧ ಬಿಡಿಯಾಗೇ ಹಾಕಿದೆ. ಹಂಡೆ ನೋಡೋಕೆ ಪಾಚಿ ಕಟ್ಟಿದ ಕೆರೆ. ನಲ್ಲಿ ತಿರುಗಿಸಿದ್ರೆ ಒಂದು ಹನಿಯೂ ಬರಲಿಲ್ಲ. ಕೊನೆಗೆ ಚೊಂಬಿನಲ್ಲಿ ಮೊಗೆದು ಮೊಗೆದು ಜರಡಿಗೆ ಹಾಕಿದೆ, ನಡುವೆ ಅರ್ಧ ಲೀಟರ್ ನೆಲಕ್ಕೆ.

ಗುರುತ್ವ 1.053. ಲ್ಯಾಬ್‌ಕೋಟು ಸರ್ ಗೆದ್ದರು.

ನೊರೆರಾಯ
ನಲ್ಲಿ ಕಟ್ಟಿಕೊಳ್ಳುತ್ತೆ ಅಂದಿದ್ದೆ. ಒಂದು ನಿಮಿಷ, 300 ಕೂಡಿಸು 350, ಒಟ್ಟು 650. ಇನ್ನು 150 ಗ್ರಾಂ ಎಲ್ಲಿ?

ಹಿತ್ತಲಬಳ್ಳಿ
ಅದು ಫ್ರಿಜ್‌ನಲ್ಲಿದೆ. ಹುದುಗು ಇಳಿದ ಮೇಲೆ ನೇರ ಫರ್ಮೆಂಟರ್‌ಗೆ (ಬಿಯರ್ ಹುದುಗೋ ಪಾತ್ರೆ) ಹಾಕೋಣ ಅಂತ. ಡ್ರೈ ಹಾಪ್ ಮಾಡ್ತೀವಲ್ಲ, ಹಾಗೆ.

ಬಾಟ್ಲಿಭೀತಿ
ಬೇಡ!!! ಇಷ್ಟು ಹೊತ್ತು ಸುಮ್ನೆ ಓದ್ತಿದ್ದೆ, ಈಗ ಬರೀಲೇಬೇಕು.

ಎರಡು ವರ್ಷದ ಹಿಂದೆ ನಾನು ಇದನ್ನೇ ಮಾಡಿದೆ. ಹುದುಗು ನಿಂತಿತ್ತು, 1.012ರಲ್ಲಿ ಮೂರು ದಿನ ಅಲ್ಲಾಡಿರಲಿಲ್ಲ. ಹಸಿ ಹೂವು ಹಾಕಿ ಎರಡು ದಿನ ಬಿಟ್ಟು ಸಕ್ಕರೆ ಬೆರೆಸಿ ಬಾಟ್ಲಿಗೆ ತುಂಬಿದೆ. ಬಟ್ಟೆ ಕಪಾಟಿನ ಕೆಳಗಿನ ಅರೆಯಲ್ಲಿ ಇಟ್ಟಿದ್ದೆ, ಕತ್ತಲು ಇರುತ್ತೆ ಅಂತ. ಎರಡು ವಾರ ಆದ ಮೇಲೆ ರಾತ್ರಿ ಎರಡು ಗಂಟೆಗೆ ಡಬ್ ಅಂತ. ಕಳ್ಳ ಬಂದ ಅಂದ್ಕೊಂಡು ಎದ್ದೆ. ಕಪಾಟಿನ ಬಾಗಿಲ ಸಂದಿಯಿಂದ ನೊರೆ ಹರಿದು ಬರ್ತಿದೆ. ಬಾಗಿಲು ತೆಗೆಯೋಕೆ ಕೈ ಚಾಚಿದಾಗ ಒಳಗೆ ಇನ್ನೊಂದು ಡಬ್. ಕೈ ಹಿಂದಕ್ಕೆ ಎಳ್ಕೊಂಡಿದ್ದೇ ಪುಣ್ಯ. ಬೆಳಿಗ್ಗೆ ದಪ್ಪ ಜರ್ಕಿನ್, ಹೆಲ್ಮೆಟ್ ಹಾಕ್ಕೊಂಡು ತೆಗೆದ್ರೆ ರೇಷ್ಮೆ ಸೀರೆಯ ಮಡಿಕೆಯಲ್ಲಿ ಗಾಜಿನ ಚೂರು ನೆಟ್ಟಿತ್ತು. ಸೀರೆ ನನ್ನದಲ್ಲ, ಅಮ್ಮನದು. ಆಮೇಲೆ ಏನಾಯ್ತು ಅಂತ ಹೇಳಲ್ಲ.

ಲ್ಯಾಬ್‌ಕೋಟು
ಇದಕ್ಕೆ ಹಾಪ್ ಕ್ರೀಪ್ ಅಂತಾರೆ. ಹಾಪ್ಸ್‌ನಲ್ಲಿ ಪಿಷ್ಟ ಒಡೆಯುವ ಕಿಣ್ವಗಳಿವೆ. ಯೀಸ್ಟ್ ತಿನ್ನಲಾಗದೆ ಬಿಟ್ಟ ಡೆಕ್ಸ್‌ಟ್ರಿನ್ ಅನ್ನುವ ಉದ್ದನೆಯ ಸಕ್ಕರೆ ಸರಪಳಿಗಳನ್ನ ಅವು ಕತ್ತರಿಸಿ ಸಕ್ಕರೆ ಮಾಡಿಕೊಡ್ತವೆ, ಮಲಗಿದ್ದ ಯೀಸ್ಟ್ ಎದ್ದು ಮತ್ತೆ ಊಟಕ್ಕೆ ಕೂರುತ್ತೆ. ಬ್ರೌನ್ ಮತ್ತು ಮಾರಿಸ್ ಎಂಬ ಇಬ್ಬರು 1893ರಲ್ಲೇ ಇದರ ಬಗ್ಗೆ ಬರೆದಿದ್ದಾರೆ, ಆಮೇಲೆ ಎಲ್ಲರೂ ಮರೆತರು. ಕುದಿಯುವ ಹಂಡೆಗೆ ಹಾಕಿದರೆ ಕಿಣ್ವ ಸಾಯುತ್ತೆ, ತಣ್ಣಗಿರುವ ಫರ್ಮೆಂಟರ್‌ಗೆ ಹಾಕಿದರೆ ಸಾಯೋದಿಲ್ಲ. ಒಣ ಹಾಪ್ಸ್‌ನಲ್ಲೂ ಇದೆ. ಹಸಿಯದ್ದು ಒಣಗಿಸುವ ಬಿಸಿಯನ್ನೂ ಕಂಡಿರೋದಿಲ್ಲ.

ಗುರುತ್ವ ಒಂದು ಪಾಯಿಂಟ್ ಇಳಿದರೆ ಸುಮಾರು ಅರ್ಧ ವಾಲ್ಯೂಮ್ ಗ್ಯಾಸ್ (ಒಂದು ವಾಲ್ಯೂಮ್ ಅಂದರೆ ಬಿಯರ್‌ನಷ್ಟೇ ಗಾತ್ರದ ಗ್ಯಾಸ್). 1.012 ಹೋಗಿ 1.008 ಆದರೆ ಎರಡು ವಾಲ್ಯೂಮ್. ನೀವು ಸಕ್ಕರೆ ಹಾಕಿ ಬರಿಸಿಕೊಂಡ 2.4ರ ಮೇಲೆ ಇದು. ಸಾಮಾನ್ಯ ಬಿಯರ್ ಬಾಟ್ಲಿ ಅಷ್ಟನ್ನ ತಡೆಯುತ್ತೆ ಅಂತ ನಂಬೋ ಹಾಗಿಲ್ಲ.

ಕಹಿಬೇಡ
ಅದಲ್ಲದೆ ಕೊಳೆ ಇದೆಯಲ್ಲ? ಗಿಡದಿಂದ ಕಿತ್ತದ್ದನ್ನ ಹಾಗೇ ಹಾಕ್ತೀರಾ? ಕಾಡು ಯೀಸ್ಟ್ ಎಲ್ಲಾ ಅದರ ಮೈಮೇಲೇ ಇರುತ್ತೆ.

ಹೊಸಬ
ಹಾಪ್ಸ್ ಕ್ರಿಮಿಗಳನ್ನ ಕೊಲ್ಲುತ್ತೆ ಅಂತಲೇ ಅಲ್ವಾ ಹಾಕೋದು?

ಕಹಿಬೇಡ
ಎಲ್ಲವನ್ನೂ ಅಲ್ಲ. ಗ್ರಾಂ ಪಾಸಿಟಿವ್ ಅನ್ನೋ ಗುಂಪಿನ ಬ್ಯಾಕ್ಟೀರಿಯಾಗಳನ್ನ ತಡೆಯುತ್ತೆ, ಲ್ಯಾಕ್ಟೋ ಬ್ಯಾಸಿಲಸ್ ಥರದ್ದು, ಅದರಲ್ಲೂ ಹಾಪ್ಸ್‌ಗೆ ಒಗ್ಗಿಕೊಂಡವು ಇವೆ. ಯೀಸ್ಟ್‌ಗೆ ಏನೂ ಮಾಡಲ್ಲ. ಯೀಸ್ಟ್‌ನ್ನೇ ಕೊಂದಿದ್ರೆ ಬಿಯರ್ ಹೇಗೆ ಆಗ್ತಿತ್ತು ಮಾರಾಯ?

ಹಿತ್ತಲಬಳ್ಳಿ
ಸೀರೆ ಕಥೆ ಓದಿ 150 ಗ್ರಾಂ ಫ್ರೀಜರ್‌ಗೆ ಹಾಕಿದೆ. ಮುಂದೆ ಯಾವಾಗಾದ್ರೂ ಕುದಿಸೋಕೆ.

ನೊರೆರಾಯ
ಹಸಿಯದ್ದನ್ನ ಹಾಗೇ ಫ್ರೀಜ್ ಮಾಡಿದ್ರೆ ಒಳಗಿನ ನೀರು ಮಂಜುಗಡ್ಡೆಯಾಗಿ ಜೀವಕೋಶ ಹರಿದುಹೋಗುತ್ತೆ. ಕರಗಿದಾಗ ಕೈಗೆ ಬರೋದು ಹಸಿರು ಲೋಳೆ. ಬಿಸಾಡಿ.

ಹಿತ್ತಲಬಳ್ಳಿ
ಬಿಸಾಡೋಕೆ ಮನಸ್ಸಿಲ್ಲ. ಮೂರು ವರ್ಷ ಸಾಕಿದ್ದು.

ತಾಮ್ರದ ಹಂಡೆ
ಬಳ್ಳಿ ಹೆಂಗದ? ಬುಡಕ್ಕ ಕೊಯ್ದು ಹಾಕಿಲ್ಲ ಹೌದಲ್ರೀ?

ಹಿತ್ತಲಬಳ್ಳಿ
ಇಲ್ಲ, ಹೂವು ಮಾತ್ರ ಬಿಡಿಸಿದೆ. ಮೇಲ್ಗಡೆ ಇನ್ನೂ ಎಳೇದು ಒಂದಷ್ಟಿದೆ.

ತಾಮ್ರದ ಹಂಡೆ
ಛಲೋ ಮಾಡೀರಿ. ತಾನಾಗೇ ಒಣಗೂತನಕ ಬಿಡ್ರಿ. ಎಲಿ ಮಾಡಿಟ್ಟ ಅಡಗಿ ಎಲ್ಲಾ ಬೇರಿಗೆ ಇಳೀತದ, ಮುಂದಿನ ವರ್ಷದ ಚಿಗುರಿಗೆ ಅದೇ ಬಂಡವಾಳ.

ಹಿತ್ತಲಬಳ್ಳಿ (ಐದು ವಾರದ ನಂತರ)
ಮೊದಲ ಬಾಟ್ಲಿ ತೆಗೆದೆ. ಕೊನೆಯ ಗುರುತ್ವ 1.011, ಬಾಟ್ಲಿಗೆ ಹಾಕೋ ಮುಂಚೆ ಐದು ದಿನ ದಿನಾ ಅಳೆದಿದ್ದೆ, ಕಪಾಟು ಸುರಕ್ಷಿತ.

ರುಚಿ: ಕಹಿ ಸರಿಯಾಗಿದೆ, ನುಂಗಿದ ಮೇಲೆ ಉಳಿಯಲ್ಲ. ಮೂಗಿಗೆ ಬರೋದು ಅವತ್ತು ಬೆಡ್‌ಶೀಟ್ ಮೇಲೆ ಬಂದ ವಾಸನೆಯಲ್ಲ. ಅದರ ತಮ್ಮ ಅನ್ನಬಹುದು. ನಿಂಬೆ ಸಿಪ್ಪೆ ಇದೆ, ಹಸಿ ಮರ ಇಲ್ಲ, ಅದರ ಬದಲು ಸೌತೆಕಾಯಿ ಕತ್ತರಿಸಿದಾಗ ಬರುತ್ತಲ್ಲ ಆ ತಂಪು. ಹುಲ್ಲು ಸ್ವಲ್ಪ ಇದೆ, ಸುಳ್ಳು ಹೇಳಲ್ಲ. ಎರಡನೇ ಗ್ಲಾಸಿಗೆ ಅದು ಗೊತ್ತಾಗಲಿಲ್ಲ. ಮನೆಯವರು "ಬೆಕ್ಕಿನ ವಾಸನೆ ಇಲ್ಲ" ಅಂದ್ರು, ಅಂಥ ಹೊಗಳಿಕೆ ನನಗೆ ಇದೇ ಮೊದಲು.

ನೊರೆರಾಯ
ಬೇಗ ಕುಡಿದು ಮುಗಿಸಿ. ಈ ಘಮ ಎರಡು ತಿಂಗಳು ದಾಟಲ್ಲ.

ಕಹಿಬೇಡ
ಹುಲ್ಲು ಇದೆ ಅಂತ ನೀವೇ ಬರೆದ್ರಿ. ನಾನು ಏನೂ ಹೇಳ್ತಿಲ್ಲ. ಅದೇ ಬಳ್ಳಿಯ ಒಣ ಹೂವಿನಲ್ಲಿ ಅದೇ ಬಿಯರ್ ಮಾಡಿ ಪಕ್ಕ ಪಕ್ಕ ಇಟ್ಟು, ಕಣ್ಣು ಕಟ್ಟಿಕೊಂಡು ಕುಡಿದು ನೋಡಿ. ಅಲ್ಲಿತನಕ ಇದು ಬರೀ ಸ್ವಂತ ಮಗುವಿನ ಮೇಲಿನ ಪ್ರೀತಿ.

ಹಿತ್ತಲಬಳ್ಳಿ
ಅದಕ್ಕೂ ತಯಾರಿ ಆಗಿದೆ. ಮೇಲ್ಗಡೆ ಉಳಿದಿದ್ದ ಎಳೇದು ಎರಡು ವಾರದ ಹಿಂದೆ ಬಲಿತು, ಇನ್ನೂ 400 ಗ್ರಾಂ ಸಿಕ್ತು. ಕಿಟಕಿ ಪರದೆಯ ಜಾಲರಿ ಮೇಲೆ ಹರವಿ, ಫ್ಯಾನ್ ಹಾಕಿ ಎರಡು ದಿನ ಒಣಗಿಸಿ ಫ್ರೀಜರ್‌ನಲ್ಲಿ ಇಟ್ಟಿದ್ದೀನಿ. 130 ಗ್ರಾಂ ಆಗಿದೆ.

ಲ್ಯಾಬ್‌ಕೋಟು
130 ಜಾಸ್ತಿ ಆಯ್ತು. ನಿಮ್ಮ ಹಳೇ ಲೆಕ್ಕದ ಪ್ರಕಾರ 90 ಚಿಲ್ಲರೆ ಬರಬೇಕಿತ್ತು. ಹೂವಿನ ನಡುವಿನ ಕಡ್ಡಿ ಬಾಗಿಸಿ ನೋಡಿದ್ರಾ? ಪಟ್ ಅಂತ ಮುರೀಬೇಕು. ಪಕಳೆ ಮೊದಲೇ ಒಣಗುತ್ತೆ, ಕಡ್ಡಿ ಮೋಸ ಮಾಡುತ್ತೆ.

ಹಿತ್ತಲಬಳ್ಳಿ
ಒಂದು ನಿಮಿಷ, ಫ್ರೀಜರ್ ತೆಗೀತೀನಿ.

ಹಿತ್ತಲಬಳ್ಳಿ
ಬಾಗ್ತಿದೆ.

ಮಡ್ಡಿಮಾದ
ಬೆಡ್‌ಶೀಟ್ ತನ್ನಿ.